ನಾಯಕರ ಮಾತು, ಪಕ್ಷದ ಸೀಟು: ವಾದಕ್ಕೆ ಚುನಾವಣಾ ಆಯೋಗದ ಆ್ಯಪ್, ವೆಬ್‌ಸೈಟ್ ಎಷ್ಟು ಒದಗುತ್ತವೆ?

ಚುನಾವಣೆ ಬಂತೆಂದರೆ ಎರಡು ಜಗಳ ಕಾಯಂ. ದೊಡ್ಡ ನಾಯಕರು ಹಾಗೆ ಮಾತಾಡಿದ್ದು ಸರಿಯೇ ಎನ್ನುವುದು ಒಂದು, ಅವರ ಪಕ್ಷಕ್ಕೆ ಈ ಸಲ ಎಷ್ಟು ಸೀಟು ಎನ್ನುವುದು ಇನ್ನೊಂದು. ದಾಖಲೆ ಮುಂದಿಟ್ಟು ವಾದ ಮಾಡುವವರಿಗೆ ಚುನಾವಣಾ ಆಯೋಗದ ಮೂರು ಸೇವೆಗಳು ಪುಕ್ಕಟೆ ಸಿಗುತ್ತವೆ: ಸಿ-ವಿಜಿಲ್ ಆ್ಯಪ್, ಅಫಿಡವಿಟ್ ಪೋರ್ಟಲ್, ಫಲಿತಾಂಶದ ವೆಬ್‌ಸೈಟ್. ಮೂರೂ ಉಪಯುಕ್ತವೇ. ಆದರೆ ಅವುಗಳ ಅಳತೆಗೋಲು ಕ್ಷೇತ್ರ ಮತ್ತು ಅಭ್ಯರ್ಥಿ. ರಾಷ್ಟ್ರ ನಾಯಕರೊಬ್ಬರ ನಡತೆ ಅದಕ್ಕೆ ಸಿಕ್ಕುವುದು ಕಷ್ಟ.

2018ರಲ್ಲಿ ಬಂದ ಸಿ-ವಿಜಿಲ್ ನೀತಿ ಸಂಹಿತೆ ಉಲ್ಲಂಘನೆಯ ದೂರಿಗೆಂದೇ ಇರುವ ಆ್ಯಪ್. ಚುನಾವಣೆ ಘೋಷಣೆಯಾದ ಪ್ರದೇಶದಲ್ಲಿ, ಆ ಅವಧಿಯಲ್ಲಿ ಮಾತ್ರ ಅದಕ್ಕೆ ಜೀವ. ಫೋಟೊ ಅಥವಾ ಹೆಚ್ಚೆಂದರೆ 2 ನಿಮಿಷದ ವಿಡಿಯೊವನ್ನು ಆ್ಯಪ್‌ನ ಒಳಗಿಂದಲೇ ತೆಗೆದು 5 ನಿಮಿಷದೊಳಗೆ ಕಳಿಸಬೇಕು. ಗ್ಯಾಲರಿಯಲ್ಲಿರುವುದನ್ನು, ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಅದು ತೆಗೆದುಕೊಳ್ಳುವುದಿಲ್ಲ. ಇದು ಕೊರತೆಯಲ್ಲ, ಹಳೇ ಚಿತ್ರ ತಂದು ಗದ್ದಲ ಎಬ್ಬಿಸುವವರಿಗೆ ಹಾಕಿದ ಬೇಲಿ. ದೂರು ಬಂದ 5 ನಿಮಿಷದಲ್ಲಿ ಫ್ಲೈಯಿಂಗ್ ಸ್ಕ್ವಾಡ್ ಎಂಬ ತಪಾಸಣಾ ತಂಡಕ್ಕೆ ವಹಿಸಬೇಕು, ತಂಡ 15 ನಿಮಿಷದಲ್ಲಿ ಸ್ಥಳ ಮುಟ್ಟಬೇಕು, 30 ನಿಮಿಷದಲ್ಲಿ ಪರಿಶೀಲನೆ ಮುಗಿಯಬೇಕು, ಇನ್ನು 50 ನಿಮಿಷದಲ್ಲಿ ಚುನಾವಣಾಧಿಕಾರಿ ತೀರ್ಮಾನ ಕೊಡಬೇಕು. ಒಟ್ಟು 100 ನಿಮಿಷ. ಹೆಸರು ಮುಚ್ಚಿಟ್ಟು ದೂರು ಕೊಡಬಹುದು, ಆದರೆ ಆಗ ಅದು ಏನಾಯಿತೆಂದು ತಿಳಿಯುವ ದಾರಿ ಇರುವುದಿಲ್ಲ.

ದೂರು ಬಿದ್ದುಹೋಗುವುದು ಸಣ್ಣಪುಟ್ಟ ಕಾರಣಕ್ಕೆ. ಲೊಕೇಶನ್ ಆನ್ ಮಾಡದೆ ಕ್ಯಾಮೆರಾ ತೆರೆದರೆ ಜಿಪಿಎಸ್ ಹುಡುಕಾಟದಲ್ಲೇ ಸಮಯ ಸೋರಿಹೋಗುತ್ತದೆ. ಬ್ಯಾನರ್ ಒಂದನ್ನೇ ಹತ್ತಿರದಿಂದ ತೆಗೆದರೆ ಬಂದ ತಂಡ ಯಾವ ಕಂಬವೆಂದು ಹುಡುಕಬೇಕು. ಪಕ್ಕದ ಅಂಗಡಿಯ ಬೋರ್ಡೂ ಚೌಕಟ್ಟಿನೊಳಗೆ ಬರಲಿ. ಪೋಸ್ಟರ್, ಕರಪತ್ರವಾದರೆ ಕೆಳಗಿನ ಅಂಚು ನೋಡಿ. ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅಲ್ಲಿರಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ. ಇಲ್ಲದಿದ್ದರೆ ಬೇರೆ ತಕರಾರೇ ಬೇಡ, ಅದೊಂದೇ ಗಟ್ಟಿ ದೂರು.

2024ರ ಲೋಕಸಭಾ ಚುನಾವಣೆಯಲ್ಲಿ ಮಾರ್ಚ್ ಕೊನೆಯ ಹೊತ್ತಿಗೇ 79 ಸಾವಿರಕ್ಕೂ ಹೆಚ್ಚು ದೂರು ಬಂದಿದ್ದವು. ಅದರಲ್ಲಿ ಶೇ 73ರಷ್ಟು ಅಕ್ರಮ ಹೋರ್ಡಿಂಗ್, ಬ್ಯಾನರ್‌ಗಳದ್ದೇ. ಆ್ಯಪ್‌ನ ಶಕ್ತಿಯೂ ಮಿತಿಯೂ ಈ ಲೆಕ್ಕದಲ್ಲೇ ಇದೆ. ಬ್ಯಾನರ್ ಇಳಿಸಲು 100 ನಿಮಿಷ ಧಾರಾಳ. ಮುಕ್ಕಾಲು ಗಂಟೆಯ ಭಾಷಣದಲ್ಲಿ ನಡುವೆ ಬಂದ ಎರಡು ವಾಕ್ಯ ಧರ್ಮ, ಜಾತಿಯ ಹೆಸರಲ್ಲಿ ಮತ ಕೇಳಿದ್ದೋ ಅಲ್ಲವೋ ಎಂದು ಫ್ಲೈಯಿಂಗ್ ಸ್ಕ್ವಾಡ್ ಸ್ಥಳದಲ್ಲೇ ತೀರ್ಮಾನಿಸಲಾಗದು. ಅದಕ್ಕೆ ಆಯೋಗಕ್ಕೆ ಲಿಖಿತ ದೂರೇ ಸರಿ: ಸ್ಥಳ, ದಿನಾಂಕ, ಪೂರ್ತಿ ವಿಡಿಯೊ, ಆಕ್ಷೇಪದ ಸಾಲುಗಳು ಆಡಿದ ಭಾಷೆಯಲ್ಲೇ ಬರಹದಲ್ಲಿ, ಉಲ್ಲಂಘನೆಯಾದ ನಿಯಮ ಯಾವುದೆಂಬ ಉಲ್ಲೇಖ. ಕತ್ತರಿಸಿದ ತುಣುಕು ಕಳಿಸಿದರೆ ಎದುರಿನವರು ಮೊದಲು ಹಿಡಿಯುವುದು ಅದನ್ನೇ.

ಇಷ್ಟಾದ ಮೇಲೂ ಫಲ ಒಂದೇ ಸಮನಾಗಿರುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಯೋಗಿ ಆದಿತ್ಯನಾಥ್ ಅವರಿಗೆ 72 ಗಂಟೆ, ಮಾಯಾವತಿ ಅವರಿಗೆ 48 ಗಂಟೆ ಪ್ರಚಾರಕ್ಕೆ ತಡೆ ಬಿತ್ತು. 2024ರಲ್ಲಿ ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಅವರ ಭಾಷಣಗಳ ಮೇಲೆ ದೂರು ಬಂದಾಗ ಆಯೋಗ ನೋಟಿಸ್ ಕೊಟ್ಟದ್ದು ಅವರಿಗಲ್ಲ, ಅವರವರ ಪಕ್ಷದ ಅಧ್ಯಕ್ಷರಿಗೆ. ಮಾತಾಡಿದವರು ಒಬ್ಬರು, ಉತ್ತರ ಕೊಡಬೇಕಾದವರು ಇನ್ನೊಬ್ಬರು! ಈ ಭಾಗಕ್ಕೆ ಅಂಕ ಕೊಡುವುದಾದರೆ ಪಾಸ್ ಮಾರ್ಕೂ ಕಷ್ಟ.

ಅಫಿಡವಿಟ್ ಪೋರ್ಟಲ್‌ನಲ್ಲಿ ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ, ಫಾರ್ಮ್ 26 ಸಿಗುತ್ತದೆ: ಆಸ್ತಿ, ಸಾಲ, ಬಾಕಿ ಪ್ರಕರಣ, ಓದು. ಎಷ್ಟು ಕೇಸು ಎಂದು ಎಣಿಸಿ ವಾದಕ್ಕಿಳಿಯಬೇಡಿ, ಕಲಂ ಓದಿ. ರಸ್ತೆ ತಡೆದದ್ದೂ ಒಂದು ಕೇಸು, ಕೊಲೆ ಯತ್ನವೂ ಒಂದು ಕೇಸು.

ಮೂರರಲ್ಲಿ ನಿಜಕ್ಕೂ ಬೆಲೆಯುಳ್ಳದ್ದು ಫಲಿತಾಂಶದ ವೆಬ್‌ಸೈಟ್. ಎಣಿಕೆಯ ದಿನ ಟಿವಿಗಿಂತ ನಿಧಾನ, ಆದರೆ ಸುತ್ತು ಮುಗಿದು ಅಧಿಕಾರಿಗಳು ತುಂಬಿಸಿದ ಅಂಕಿಯೇ ಅಲ್ಲಿರುವುದು. ನಾಯಕರ ಜನಪ್ರಿಯತೆ ಕುಸಿಯಿತು, ಏರಿತು ಎನ್ನುವವರು ಇಲ್ಲಿ ಸೀಟಿನ ಜೊತೆ ಮತ ಪ್ರಮಾಣವನ್ನೂ ನೋಡಬೇಕು. ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಗೆ 2018ರಲ್ಲೂ 2023ರಲ್ಲೂ ಬಿದ್ದದ್ದು ಸುಮಾರು ಶೇ 36 ಮತ. ಸೀಟು ಮಾತ್ರ 104ರಿಂದ 66ಕ್ಕೆ ಇಳಿಯಿತು, ಏಕೆಂದರೆ ಎದುರಿಗಿದ್ದ ಕಾಂಗ್ರೆಸ್ ಸುಮಾರು ಶೇ 38ರಿಂದ 43ಕ್ಕೆ ಏರಿ 135 ಗೆದ್ದಿತು. ದೇಶದ ಮಟ್ಟದಲ್ಲೂ 2019ರಿಂದ 2024ಕ್ಕೆ ಬಿಜೆಪಿ ಮತ ಇಳಿದದ್ದು ಶೇ 1ರ ಆಸುಪಾಸು, ಸೀಟು ಇಳಿದದ್ದು 303ರಿಂದ 240ಕ್ಕೆ.

ಮತ ಪ್ರಮಾಣವೂ ಏಮಾರಿಸುತ್ತದೆ. ಕರ್ನಾಟಕದಲ್ಲಿ ಜೆಡಿಎಸ್‌ಗೆ 2023ರ ವಿಧಾನಸಭೆಯಲ್ಲಿ ಶೇ 13, 2024ರ ಲೋಕಸಭೆಯಲ್ಲಿ ಶೇ 6ರ ಒಳಗೆ. ಅರ್ಧಕ್ಕರ್ಧ ಹೋಯಿತೆಂದು ಷರಾ ಬರೆಯುವ ಮುನ್ನ ನೋಡಬೇಕಾದದ್ದು: ಲೋಕಸಭೆಗೆ ಅದು ಮೈತ್ರಿಯಲ್ಲಿ ನಿಂತದ್ದೇ 28ರಲ್ಲಿ 3 ಕ್ಷೇತ್ರ, ಗೆದ್ದದ್ದು 2.

ಇನ್ನೂ ಆಳಕ್ಕೆ ಇಳಿಯುವವರಿಗೆ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ ಫಾರ್ಮ್ 20 ಉಂಟು, ಮತಗಟ್ಟೆವಾರು ಲೆಕ್ಕ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಹುಡುಕಲು ಬರದು, ಕೈಯಲ್ಲೇ ಎಕ್ಸೆಲ್‌ಗೆ ಹತ್ತಿಸಬೇಕು. ಸಾಲಿನ ಮೊದಲಿಗೆ ಮತಗಟ್ಟೆಯ ಸಂಖ್ಯೆ ಮಾತ್ರ ಇರುತ್ತದೆ. ಅಂಚೆ ಮತ ಕೊನೆಯಲ್ಲಿ ಪ್ರತ್ಯೇಕ. ಅದನ್ನು ಬಿಟ್ಟು ಕೂಡಿದರೆ ಮೊತ್ತ ತಾಳೆಯಾಗುವುದಿಲ್ಲ. ಮತದಾರರು ಹೆಚ್ಚಾದಂತೆ ಮತಗಟ್ಟೆ ಒಡೆದು ಸಂಖ್ಯೆ ಬದಲಾಗುವುದರಿಂದ ಎರಡು ಚುನಾವಣೆಯ 112ನೇ ಮತಗಟ್ಟೆಯನ್ನು ಕಣ್ಣುಮುಚ್ಚಿ ಹೋಲಿಸಬಾರದು. ಆಯಾ ವರ್ಷದ ಮತಗಟ್ಟೆ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಶಾಲೆಯ ಹೆಸರು, ಕೊಠಡಿ ನೋಡಿ ಜೋಡಿಸಬೇಕು.