ಶೆಲ್ಟರ್ ನಾಯಿ ಜೊತೆ ರೈಲು: ಕೂಪೆಗೆ ನಾಲ್ಕು ಸ್ಟಾರ್, ಡಾಗ್ ಬಾಕ್ಸ್‌ಗೆ ಒಂದೂ ಹೆಚ್ಚೇ

ಶೆಲ್ಟರ್‌ನಿಂದ ದತ್ತು ತಂದ ನಾಟಿ ನಾಯಿ ಬೆಳೆದ ಮೇಲೆ ಸಾಮಾನ್ಯವಾಗಿ 15ರಿಂದ 20 ಕೆಜಿ ತೂಗುತ್ತದೆ. ಅಲ್ಲಿಗೆ ವಿಮಾನದ ಕ್ಯಾಬಿನ್ ಆಸೆ ಬಿಟ್ಟ ಹಾಗೆಯೇ. ದೂರದೂರಿಗೆ ಉಳಿಯುವುದು ರೈಲು, ಅದರಲ್ಲೂ ಎಸಿ ಫಸ್ಟ್ ಕ್ಲಾಸ್. ಟು ಟಯರ್, ತ್ರೀ ಟಯರ್, ಸ್ಲೀಪರ್, ಚೇರ್ ಕಾರ್‌ಗಳಲ್ಲಿ ದೊಡ್ಡ ನಾಯಿಗೆ ಅವಕಾಶವಿಲ್ಲ, ಸಿಕ್ಕಿಬಿದ್ದರೆ ದಂಡ.

ಎಸಿ ಫಸ್ಟ್‌ನಲ್ಲಿ ಎರಡು ಬರ್ತಿನ ಕೂಪೆ, ನಾಲ್ಕು ಬರ್ತಿನ ಕ್ಯಾಬಿನ್ ಎಂದು ಎರಡು ಬಗೆ. ಯಾವುದಾದರೂ ಪೂರ್ತಿ ನಿಮ್ಮದೇ ಆಗಿರಬೇಕು. ಕ್ಯಾಬಿನ್‌ನಲ್ಲಿ ಬೇರೆಯವರಿದ್ದು ತಕರಾರು ತೆಗೆದರೆ ನಾಯಿ ರೈಲಿನ ತುದಿಯ ಗಾರ್ಡ್ ವ್ಯಾನಿಗೆ ಹೋಗುತ್ತದೆ, ಕಟ್ಟಿದ ದುಡ್ಡೂ ವಾಪಸ್ ಬರುವುದಿಲ್ಲ. ಹಾಗಾಗಿ ಇಬ್ಬರು ಒಂದೇ ಪಿಎನ್‌ಆರ್‌ನಲ್ಲಿ ಟಿಕೆಟ್ ಮಾಡಿ ಕೂಪೆ ಕೇಳುವುದೇ ಸರಿ. ಸೇವೆಯ ದೊಡ್ಡ ಹುಳುಕು ಇರುವುದೂ ಇಲ್ಲೇ: ಟಿಕೆಟ್ ಕನ್‌ಫರ್ಮ್ ಆದರೂ ಕೂಪೆ ಸಿಕ್ಕಿತೋ ಇಲ್ಲವೋ ತಿಳಿಯುವುದು ಚಾರ್ಟ್ ಆದ ಮೇಲೆ. ಒಂದು ಬೋಗಿಯಲ್ಲಿ ಕೂಪೆ ಇರುವುದೇ ಬೆರಳೆಣಿಕೆಯಷ್ಟು. ನಾಯಿ ಇದೆ ಎಂದು ಬರೆದು, ಟಿಕೆಟ್ ಪ್ರತಿ ಲಗತ್ತಿಸಿದ ಅರ್ಜಿಯನ್ನು ರಿಸರ್ವೇಶನ್ ಕಚೇರಿಗೆ ಮೊದಲೇ ಕೊಡಿ. ಹೊರಡುವ ದಿನ ಎರಡು-ಮೂರು ಗಂಟೆ ಮುಂಚೆ ಪಾರ್ಸೆಲ್ ಆಫೀಸಿಗೆ ಹೋಗಿ ಬುಕ್ ಮಾಡಿಸಬೇಕು: ಗುರುತಿನ ಚೀಟಿ, ರೇಬಿಸ್ ಲಸಿಕೆಯ ಕಾರ್ಡ್, ಒಂದೆರಡು ದಿನದೊಳಗಿನ ಪಶುವೈದ್ಯರ ಫಿಟ್‌ನೆಸ್ ಸರ್ಟಿಫಿಕೇಟ್. ಆ ರಸೀದಿ ಟಿಟಿಇಗೆ ತೋರಿಸಲು ಕೈಯಲ್ಲೇ ಇರಲಿ.

ಅಗ್ಗದ ದಾರಿ ಅದೇ ಗಾರ್ಡ್ ವ್ಯಾನಿನ ಡಾಗ್ ಬಾಕ್ಸ್. ಕಬ್ಬಿಣದ ಗೂಡು, ಫ್ಯಾನಿಲ್ಲ. ಜನರೇಟರ್ ಬೋಗಿಯಲ್ಲಿದ್ದರಂತೂ ದಾರಿಯುದ್ದಕ್ಕೂ ಗಡಗಡ. ನೀರು ಕೊಡಲು ಪ್ರತಿ ದೊಡ್ಡ ನಿಲ್ದಾಣದಲ್ಲೂ ರೈಲಿನ ತುದಿಗೆ ಓಡಬೇಕು. ಬೋನಿನಲ್ಲಿ ತಿಂಗಳುಗಟ್ಟಲೆ ಕಳೆದ ಶೆಲ್ಟರ್ ನಾಯಿಯನ್ನು ಇದಕ್ಕೆ ತಳ್ಳಿದರೆ ಅದು ಬಾಗಿಲು ಕಚ್ಚಿ ಹಲ್ಲು ಮುರಿದುಕೊಳ್ಳುವುದೂ ಉಂಟು.

ಪ್ರಯಾಣದ ನಾಯಿ ಬೇಕೆಂದರೆ ಆರಿಸುವಾಗಲೇ ಪರೀಕ್ಷೆ ಮಾಡಿ. ಶೆಲ್ಟರ್‌ನವರನ್ನು ಕೇಳಿ, ಇಂಜಿನ್ ಚಾಲೂ ಇರುವ ಆಟೋದಲ್ಲಿ ಐದು ನಿಮಿಷ ಕೂರಿಸಿ. ಮೊದಲು ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ. ಅದು ದಿಗಿಲಿನ ಲಕ್ಷಣ, ನಿದ್ದೆಯದಲ್ಲ. ಅಷ್ಟರಲ್ಲಿ ಕೊಟ್ಟ ಬಿಸ್ಕತ್ತು ತಿಂದರೆ ಪಳಗುತ್ತದೆ. ಜೊಲ್ಲು ಸುರಿಸಿ, ನಡುಗಿ, ಬಿಸ್ಕತ್ತು ಮೂಸಿಯೂ ನೋಡದಿದ್ದರೆ ಅದಕ್ಕೆ ಮನೆಯೇ ವಾಸಿ. ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿ ಕಂಡ ನಾಯಿಯಲ್ಲೂ ಪ್ಲೇಟ್‌ಲೆಟ್ ಇಳಿದಿರಬಹುದು. ತಂದ ಮೇಲೆ ಮೂರು ತಿಂಗಳಾದರೂ ಮನೆಗೆ ಹೊಂದಿಕೊಳ್ಳಲು ಬಿಡಿ.

ಹೊರಡುವ ಆರು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಮಾತ್ರ ಕೊಡಿ. ಕಾಲರ್ ಒಂದನ್ನೇ ನಂಬಬೇಡಿ: ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ತಲೆ ನುಣುಚಿ ಹೊರಬರುತ್ತದೆ. ಎದೆಗೆ ಸುತ್ತಿ ಕಟ್ಟುವ ಹಾರ್ನೆಸ್ಸಿಗೊಂದು, ಕಾಲರ್‌ಗೊಂದು ಹಗ್ಗ ಇರಲಿ, ಕೂಪೆಯ ಬಾಗಿಲು ತೆಗೆಯುವ ಮೊದಲೇ ಎರಡೂ ಕೈಯಲ್ಲಿರಲಿ. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್‌ನಂಥ ಎರಡು ರಾತ್ರಿಯ ಗಾಡಿಗೆ ಇನ್ನೊಂದು ತಯಾರಿ ಬೇಕು. ಮಣ್ಣಿನ ಮೇಲಷ್ಟೇ ಉಚ್ಚೆ ಹೊಯ್ದು ರೂಢಿಯಾದ ನಾಯಿ ಪ್ಲಾಟ್‌ಫಾರಂ ಕಲ್ಲಿನ ಮೇಲೆ ಸುತ್ತಿ ಸುತ್ತಿ ಹಾಗೇ ಒಳಗೆ ಬರುತ್ತದೆ. ಎರಡು ವಾರ ಮೊದಲೇ ಮನೆಯಲ್ಲಿ ಪೇಪರ್ ಹಾಸಿ, ಅದರ ಮೇಲೆ ಒಂದು ಹಿಡಿ ಮಣ್ಣು ಉದುರಿಸಿ ಅಭ್ಯಾಸ ಮಾಡಿಸಿ. ಅದೇ ಮಣ್ಣನ್ನು ಡಬ್ಬಿಯಲ್ಲಿ ತುಂಬಿ ಜೊತೆಗೊಯ್ಯಿರಿ.