‘ಚಳಿಗಾಲದ ಟೈರು’ ಎಂದು ಕೊಟ್ಟರೆ, ಒಳಬದಿಯ ನಾಲ್ಕು ಅಂಕಿ ನೋಡದೆ ಹಾಕಿಸಬೇಡಿ

2024ರ ಡಿಸೆಂಬರಿನಲ್ಲಿ ನಮ್ಮ ಕಾರಿನ ಮುಂದಿನ ಎರಡು ಟೈರುಗಳು ಪೂರ್ತಿ ಸವೆದಿದ್ದವು. ದಾವಣಗೆರೆಯ ಒಂದು ಅಂಗಡಿಗೆ ಹೋದಾಗ, ಮುಂಜಾನೆಯ ಮಂಜಿನಲ್ಲಿ ಓಡಾಡುವವರಿಗೆ ಇದೇ ಸರಿ ಎಂದು ಹೇಳಿ ವಿದೇಶದ ‘ಚಳಿಗಾಲದ ಟೈರು’ ತೋರಿಸಿದರು. ಪಕ್ಕೆಯ ಮೇಲೆ ಬೆಟ್ಟದ ಗುರುತು, ಅದರೊಳಗೆ ಹಿಮದ ಹರಳು, ಬೆಲೆಯೂ ಕಡಿಮೆ. ನಂಬಿ ಎರಡನ್ನೂ ಮುಂದಕ್ಕೆ ಹಾಕಿಸಿಕೊಂಡೆ. ಹಿಂದಿನ ಟೈರುಗಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೂ ಹಾಗೆಯೇ ಉಳಿದವು.

ಸಂಕ್ರಾಂತಿಯ ದಿನ ಬೆಳಗಿನ ಆರೂವರೆಗೆ ಚಿತ್ರದುರ್ಗದ ಅಕ್ಕನ ಮನೆಗೆ ಹೊರಟಿದ್ದೆವು. ಭರಮಸಾಗರ ಸಮೀಪಿಸುವಾಗ ಮಂಜಿನೊಳಗಿಂದ, ಹಿಂದೆ ದೀಪವಿಲ್ಲದ ಮೆಕ್ಕೆಜೋಳದ ಟ್ರ್ಯಾಕ್ಟರೊಂದು ಹಠಾತ್ತನೆ ಕಂಡಿತು. ಬ್ರೇಕ್ ಒತ್ತಿದಾಗ ಮುಂದಿನ ಚಕ್ರಗಳು ರಸ್ತೆಯನ್ನು ಹಿಡಿದವು, ಹಿಂಭಾಗ ಮಾತ್ರ ಒದ್ದೆ ಡಾಂಬರಿನ ಮೇಲೆ ಪಕ್ಕಕ್ಕೆ ಜಾರಿ ಕಾರು ರಸ್ತೆಗೆ ಅಡ್ಡಲಾಗಿ ನಿಂತಿತು. ಅಮ್ಮನ ಮಡಿಲಲ್ಲಿದ್ದ ಎಳ್ಳುಬೆಲ್ಲದ ಡಬ್ಬಿ ಬಿದ್ದು ಕಾಲ ಬಳಿಯೆಲ್ಲ ಚೆಲ್ಲಿತು. ಹಿಂದಿನಿಂದ ಲಾರಿ ಬರುತ್ತಿರಲಿಲ್ಲ. ನಾವು ಉಳಿದದ್ದು ಅಷ್ಟರಿಂದ.

ಚಿತ್ರದುರ್ಗದಲ್ಲಿ ಟೈರು ಕೆಲಸದ ಹಿರಿಯರೊಬ್ಬರು ಮುಂದಿನ ಚಕ್ರ ಬಿಚ್ಚಿ, ಒಳಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಿಟ್ಟು ತೋರಿಸಿದರು: 3119. ಅಂದರೆ 2019ರ 31ನೇ ವಾರದಲ್ಲಿ ತಯಾರಾದದ್ದು. “ನೋಡ್ರಿ ಸರ್, ಇದು ಐದು ವರ್ಷ ಗೋಡೌನಿನಲ್ಲಿ ಕೂತಿದ್ದ ಮಾಲು” ಎಂದು ಹೇಳಿ ಅವರು ಗೆರೆಗಳನ್ನು ಅಗಲಿಸಿದಾಗ, ತಳದಲ್ಲಿ ಕೂದಲೆಳೆಯಂಥ ಬಿರುಕುಗಳು ಕಂಡವು. ಅನೇಕ ಟೈರುಗಳಲ್ಲಿ ಈ ಅಂಕಿ ಒಂದೇ ಬದಿಯಲ್ಲಿರುತ್ತದೆ. ಆ ಬದಿ ಒಳಗೆ ಹೋದರೆ ಚಕ್ರ ಬಿಚ್ಚದೆ ಸುಲಭವಾಗಿ ಕಾಣುವುದಿಲ್ಲ.

ಹಿಮದ ಹರಳಿನ ಗುರುತಿರುವ ಟೈರಿನ ರಬ್ಬರು, ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲೂ ಗಟ್ಟಿಯಾಗದಿರಲೆಂದು ಮೆತ್ತಗೆ ಮಾಡಿದ್ದು. ಮಾಮೂಲಿ ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಚಳಿ ಅಷ್ಟು ಇಳಿಯುವುದಿಲ್ಲ. ಮಾರ್ಚ್ ಬಿಸಿಲಿಗೆ ಆ ರಬ್ಬರು ಬೇಗ ಸವೆಯುತ್ತದೆ, ಬ್ರೇಕ್ ಹಾಕಿದಾಗ ಕಾರು ನಿಲ್ಲುವ ದೂರವೂ ಹೆಚ್ಚುತ್ತದೆ. ಮಂಜಿಗೂ ಈ ಗುರುತಿಗೂ ಸಂಬಂಧವೇ ಇಲ್ಲ. ನಮ್ಮಲ್ಲಿ ಬೇಕಿರುವುದು ಒದ್ದೆ ರಸ್ತೆಯನ್ನು ಹಿಡಿಯುವ ಗೆರೆಗಳ ಆಳ. ಕನಿಷ್ಠ 1.6 ಮಿಲಿಮೀಟರ್ ಎಂಬುದು ಕಾನೂನಿನ ಮಿತಿ. ಅಲ್ಲಿಯವರೆಗೆ ಕಾಯುವುದನ್ನು ನಾನಂತೂ ಒಪ್ಪುವುದಿಲ್ಲ. ಎರಡೇ ಹೊಸ ಟೈರು ಹಾಕಿಸುವುದಾದರೆ ಅವು ಹಿಂದಕ್ಕೇ ಹೋಗಬೇಕು, ಏಕೆಂದರೆ ಮುಂದಿನ ಚಕ್ರ ಜಾರಿದರೆ ಸ್ಟೇರಿಂಗಿನಿಂದ ಸ್ವಲ್ಪವಾದರೂ ಸಾವರಿಸಿಕೊಳ್ಳಬಹುದು, ಹಿಂಭಾಗ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಅಳತೆ ಮತ್ತು ಗಾಳಿಯ ಪ್ರಮಾಣ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಇರುತ್ತವೆ. ಗಾಳಿಯನ್ನು ಕಾರು ಓಡಿಸುವ ಮುನ್ನವೇ ನೋಡಿಸಿ.

ಮರುದಿನ ಅಂಗಡಿಗೆ ಹೋದಾಗ, ಬಿಲ್ಲಿನಲ್ಲಿ ಆ ಅಂಕಿ ಇಲ್ಲದ ಕಾರಣ ಅದು ತಮ್ಮ ಟೈರೇ ಅಲ್ಲವೆಂದರು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡಲು ಕುಳಿತಾಗ ನನ್ನ ಕೈಯಲ್ಲಿದ್ದದ್ದು ‘ಟೈರು 2’ ಎಂದಷ್ಟೇ ಬರೆದ ಚೀಟಿ. ಈಗ ಬೇರೆಡೆ ನಾಲ್ಕನ್ನೂ ಬದಲಿಸಿದ್ದೇನೆ. ಚಕ್ರಕ್ಕೆ ಕೂರಿಸುವ ಮೊದಲೇ ಪ್ರತಿಯೊಂದರ ಅಂಕಿಯ ಫೋಟೋ ತೆಗೆದುಕೊಂಡು, ನಾಲ್ಕನ್ನೂ ಬಿಲ್ಲಿನಲ್ಲಿ ಬರೆಸಿದ ಮೇಲೆಯೇ ಹಣ ಕೊಟ್ಟೆ.