ಸೂಪರ್ ಮಾರ್ಕೆಟ್ ಬಳಿಯ ಕಾಗದದಂಗಡಿ: ಮಾಲು ಚೆನ್ನ, ಲೆಕ್ಕ ಅಷ್ಟಕ್ಕಷ್ಟೆ

ಮದುವೆ ಪತ್ರಿಕೆ, ಬಿಲ್ ಪುಸ್ತಕ ಮುದ್ರಿಸುವ ನನ್ನಂಥವರು ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಈ ಸಗಟು ಅಂಗಡಿಗೆ ಹೋಗದೆ ಗತಿಯಿಲ್ಲ. ಆಫ್‌ಸೆಟ್ ಕಾಗದದಿಂದ ಆರ್ಟ್ ಕಾರ್ಡ್‌ವರೆಗೆ ಎಲ್ಲ ಸಿಗುತ್ತದೆ. ರೀಮ್ (ಹಾಳೆಗಳ ಕಟ್ಟು) ಬಿಚ್ಚಿ ತೋರಿಸಲು ಹುಡುಗರು ಬೇಸರಪಡುವುದಿಲ್ಲ.

ಇಂಡೋನೇಷ್ಯಾದ ಆರ್ಟ್ ಪೇಪರ್ ನನಗೆ ಹಿಡಿಸಿತು. ನುಣುಪಾಗಿದೆ, ಬಣ್ಣ ಎದ್ದು ಕಾಣುತ್ತದೆ. ದರವೂ ಕಡಿಮೆ. ಕಾರಣ ಸರಳ: ಇಂಡೋನೇಷ್ಯಾ ಸೇರಿದಂತೆ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ ಭಾರತದ ವ್ಯಾಪಾರ ಒಪ್ಪಂದದಡಿ 2014ರಿಂದ ಆ ದೇಶಗಳ ಕಾಗದಕ್ಕೆ ಮೂಲ ಆಮದು ಸುಂಕವಿಲ್ಲ. ಒಪ್ಪಂದವಿಲ್ಲದ ದೇಶದಿಂದ ಬಂದರೆ ಸಾಮಾನ್ಯವಾಗಿ ಶೇ. 10. ದಾಂಡೇಲಿಯಂಥ ನಮ್ಮ ಕಾಗದ ಗಿರಣಿಗಳ ಹೊಟ್ಟೆಗೆ ಹೊಡೆತ ಬೀಳುವುದು ಇಲ್ಲೇ.

ಆದರೆ ಮಾಲೀಕರು ಚೀನಾದ ಮಾಲನ್ನೂ ತೋರಿಸಿ, "ಸಾಹೇಬರೇ, ಇದಕ್ಕೂ ಸುಂಕ ಇಲ್ಲ, ಅದೇ ಒಪ್ಪಂದ" ಎಂದರು. ಚೀನಾ ಆಸಿಯಾನ್ ಸದಸ್ಯ ದೇಶವೇ ಅಲ್ಲ. ಚೀನಾ ಇರುವ ಆರ್‌ಸಿಇಪಿ ಎಂಬ ವ್ಯಾಪಾರ ಕೂಟಕ್ಕೆ ಸೇರುವುದಿಲ್ಲವೆಂದು ಭಾರತ 2019ರಲ್ಲೇ ಹೇಳಿಯಾಗಿದೆ. ಆಸಿಯಾನ್ ಸದಸ್ಯನಾದ ಸಿಂಗಪುರದ ಬಂದರು ಹಾದು ಬಂದ ಮಾತ್ರಕ್ಕೂ ರಿಯಾಯಿತಿ ಸಿಗದು, ಮೂಲ ದೇಶದ ಪ್ರಮಾಣಪತ್ರ ಬೇಕು. ಇದನ್ನು ಹೇಳಿದಾಗ ಅವರು ಚಹಾ ತರಿಸಿದರು, ದರ ಇಳಿಸಲಿಲ್ಲ! ಸುಂಕವಿಲ್ಲದಿದ್ದರೂ ಜಿಎಸ್‌ಟಿ ಇದ್ದೇ ಇರುತ್ತದೆ. ಪಕ್ಕಾ ಬಿಲ್ ಕೇಳಿ ಪಡೆಯಿರಿ.

ದೊಡ್ಡ ಕೊರತೆ ಗೋದಾಮು. ಮೇಲೆ ತಗಡಿನ ಸೂರು. ನಮ್ಮ ಏಪ್ರಿಲ್ ಬಿಸಿಲಿಗೆ ತೇವಾಂಶ ಹಾರಿ ಹಾಳೆಯ ಅಂಚು ಸುರುಳಿಯಾಗುತ್ತದೆ, ಯಂತ್ರ ಎರಡೆರಡು ಹಾಳೆ ಎಳೆಯುತ್ತದೆ. ಬೇಸಿಗೆಯಲ್ಲಿ ಒಡೆದ ರೀಮ್ ಬೇಡ, ಮೊಹರಿರುವುದನ್ನೇ ಕೊಳ್ಳಿ. ಐದಕ್ಕೆ ಮೂರು ಅಂಕ.